ಹಿತ್ತಲಿನಲ್ಲಿ ಬಾಣದ ಗುರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಎಂಟನೇ ತರಗತಿಯಲ್ಲಿ ಓದುತ್ತಿರುವ ನಮ್ಮ ಮಗಳು ಬಿಲ್ಲುಗಾರಿಕೆ ಕಲಿಯುತ್ತಿದ್ದಾಳೆ. ತರಬೇತಿ ವಾರಕ್ಕೆ ಎರಡೇ ದಿನ ಇರುವುದರಿಂದ ಉಳಿದ ದಿನ ಹಿತ್ತಲಿನಲ್ಲಿ ಅಭ್ಯಾಸ ಮಾಡಬೇಕೆಂಬ ಆಸೆ ಅವಳದು. ಅಂಗಡಿಯಲ್ಲಿ ಸಿಗುವ ಫೋಮ್ ಗುರಿ ನಮಗೆ ದುಬಾರಿ. ಪ್ಲೈವುಡ್ ಅಥವಾ ಥರ್ಮಾಕೋಲ್‌ನಿಂದ ಮಾಡಿಕೊಡಬಹುದೆ? ಹಿತ್ತಲು 12 ಮೀಟರ್ ಉದ್ದವಿದ್ದು, ಕೊನೆಯಲ್ಲಿ ಕಾಂಪೌಂಡ್ ಗೋಡೆಯಿದೆ.
– ಓದುಗರೊಬ್ಬರು, ದಾವಣಗೆರೆ ಜಿಲ್ಲೆ

ಉತ್ತರ: ದಯವಿಟ್ಟು ಎರಡನ್ನೂ ಬಳಸಬೇಡಿ. ಪ್ಲೈವುಡ್‌ಗೆ ಬಡಿದ ಬಾಣ ಒಂದೋ ಹಿಂದಕ್ಕೆ ಪುಟಿಯುತ್ತದೆ, ಇಲ್ಲವೇ ಕೀಳಲಾಗದಂತೆ ನಾಟಿಕೊಂಡು ಮೊನೆ ಕಳಚುತ್ತದೆ. ಥರ್ಮಾಕೋಲ್ ಬಹುಬೇಗ ಪುಡಿಯಾಗುವುದಲ್ಲದೆ, ವೇಗವಾಗಿ ನುಗ್ಗುವ ಬಾಣದ ಘರ್ಷಣೆಯ ಶಾಖಕ್ಕೆ ಕರಗಿ ಬಾಣದ ಕಡ್ಡಿಗೆ ಅಂಟಿಕೊಳ್ಳುತ್ತದೆ. ಒಳ್ಳೆಯ ಗುರಿ ಬಾಣವನ್ನು ತಡೆಯುವುದು ತನ್ನ ಗಡಸುತನದಿಂದಲ್ಲ. ಒಳಹೊಕ್ಕ ಕಡ್ಡಿಯನ್ನು ಸುತ್ತಲಿಂದಲೂ ಒತ್ತಿ ಹಿಡಿದು, ಅದರ ವೇಗವನ್ನು ಸ್ವಲ್ಪಸ್ವಲ್ಪವಾಗಿ ಕಳೆಯುವುದರಿಂದ. ಇದೊಂದು ತಿಳಿದಿದ್ದರೆ ಮನೆಯಲ್ಲಿರುವ ಯಾವ ವಸ್ತು ಆದೀತು, ಯಾವುದು ಆಗದು ಎಂಬುದನ್ನು ನೀವೇ ನಿರ್ಧರಿಸಬಹುದು.

ಶಾಲೆಯ ಮಕ್ಕಳು ಸಾಮಾನ್ಯವಾಗಿ ಬಳಸುವ, ಇಪ್ಪತ್ತು ಪೌಂಡ್ ಆಸುಪಾಸಿನ ಎಳೆತಬಲದ (ದಾರವನ್ನು ಪೂರ್ತಿ ಎಳೆಯಲು ಬೇಕಾದ ಬಲ) ಬಿಲ್ಲಿಗೆ ಗೋಣಿಚೀಲವೇ ಸಾಕು, ಮತ್ತು ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಒಳ್ಳೆಯ ಆರಂಭ ಇನ್ನೊಂದಿಲ್ಲ. ಗಟ್ಟಿಯಾದ ಎರಡು ಗೋಣಿಚೀಲಗಳನ್ನು ಒಂದರೊಳಗೊಂದು ತೂರಿಸಿ, ಅದರೊಳಗೆ ಹಳೆಯ ಹತ್ತಿ ಬಟ್ಟೆ, ಸೀರೆ, ಬೆಡ್‌ಶೀಟ್‌ಗಳನ್ನು ತುಂಬಬೇಕು. ಗುಂಡಿ, ಜಿಪ್, ಹುಕ್ಕುಗಳನ್ನು ಒಂದೂ ಬಿಡದೆ ಮೊದಲೇ ಕತ್ತರಿಸಿ ತೆಗೆಯಿರಿ, ಏಕೆಂದರೆ ಅವುಗಳಿಗೆ ತಾಗಿದ ಬಾಣ ದಿಕ್ಕು ತಪ್ಪುತ್ತದೆ ಅಥವಾ ಸೀಳುತ್ತದೆ. ಬಟ್ಟೆಯನ್ನು ಉಂಡೆ ಮಾಡಿ ಎಸೆಯದೆ, ಪದರ ಪದರವಾಗಿ ಹಾಸಿ, ಪ್ರತಿ ಪದರವನ್ನೂ ಕಾಲಿನಿಂದ ತುಳಿದು ಅಥವಾ ಒನಕೆಯಿಂದ ಜಡಿದು ತುಂಬಿದರೆ ಮಾತ್ರ ಚೀಲ ಬಾಣವನ್ನು ಹಿಡಿಯುತ್ತದೆ. ಹೆಬ್ಬೆರಳಿನಿಂದ ಒತ್ತಿದಾಗ ಚೀಲ ಕುಸಿಯದಿದ್ದರೆ ಸರಿ. ಬಾಯಿಯನ್ನು ದಬ್ಬಣದಲ್ಲಿ ಹುರಿ ಪೋಣಿಸಿ ಹೊಲಿಯಿರಿ. ನಿಮ್ಮ ಕಡೆ ಭತ್ತದ ಹುಲ್ಲು ಸಲೀಸಾಗಿ ಸಿಗುವುದರಿಂದ ಬಟ್ಟೆ ಸಾಲದಿದ್ದರೆ ಹುಲ್ಲನ್ನೂ ಸೇರಿಸಬಹುದು. ಆದರೆ ಅದು ಚೆನ್ನಾಗಿ ಒಣಗಿರಬೇಕು, ಇನ್ನೂ ಬಿಗಿಯಾಗಿ ತುಂಬಬೇಕು. ಚೀಲವನ್ನು ಬರಿ ನೆಲದ ಮೇಲೆ ಇಡದೆ ಮರದ ಚೌಕಟ್ಟಿಗೆ ಕಟ್ಟಿದರೆ ಗೆದ್ದಲಿನ ಕಾಟ ತಪ್ಪುತ್ತದೆ.

ನೀವು ಹೆಚ್ಚು ಯೋಚಿಸಬೇಕಾಗಿರುವುದು ಗುರಿಯ ಹಿಂದೆ ಏನಿದೆ ಎಂಬುದನ್ನು. ಕಲಿಯುವ ಮಗುವಿನ ಬಾಣ ಗುರಿ ತಪ್ಪಿಯೇ ತಪ್ಪುತ್ತದೆ, ಗೋಡೆಗೆ ಬಡಿದ ಬಾಣ ಮುರಿಯುತ್ತದೆ ಇಲ್ಲವೇ ಎತ್ತಲೋ ಚಿಮ್ಮುತ್ತದೆ. ಹಾಗಾಗಿ ದಪ್ಪ ಹಳೆಯ ಜಮಖಾನೆ ಅಥವಾ ಕಾರ್ಪೆಟ್ಟನ್ನು ಎರಡು ಮಡಿಕೆ ಮಾಡಿ, ಗೋಡೆಯಿಂದ ಒಂದಡಿ ಮುಂದಕ್ಕೆ, ಕೆಳತುದಿಯನ್ನು ಕಟ್ಟದೆ ಸಡಿಲವಾಗಿ ತೂಗುಹಾಕಿ. ಬಾಣ ತಾಗಿದಾಗ ಅದು ಹಿಂದಕ್ಕೆ ಜರುಗಿ ವೇಗವನ್ನು ನುಂಗಿಕೊಳ್ಳುತ್ತದೆ. ಬಿಗಿಯಾಗಿ ಎಳೆದು ಕಟ್ಟಿದರೆ ಬಾಣ ತೂರಿ ಹೋಗುತ್ತದೆ. ಗುರಿಗಿಂತ ಎರಡೂ ಬದಿಗೆ ಒಂದೊಂದು ಮೀಟರ್ ಅಗಲ, ಗೋಡೆಗಿಂತ ಎತ್ತರ ಇರಲಿ. ಗುರಿಗೆ ಖರ್ಚು ಮಾಡದ ಹಣವನ್ನು ಇಲ್ಲಿ ಖರ್ಚು ಮಾಡಿ ಎಂಬುದು ನನ್ನ ಖಚಿತ ಸಲಹೆ. ಗೋಡೆಯಾಚೆ ಜನರು ಓಡಾಡುವ ದಾರಿಯೋ ಪಕ್ಕದ ಮನೆಯ ಅಂಗಳವೋ ಇದ್ದರೆ, ಗುರಿಯನ್ನು ಮನೆಯ ಕಿಟಕಿ, ಬಾಗಿಲುಗಳಿಲ್ಲದ ಗೋಡೆಯ ಕಡೆಗೆ ತಿರುಗಿಸುವುದು ಮೇಲು. ಅಂತರರಾಷ್ಟ್ರೀಯ ನಿಯಮದಂತೆ ಗುರಿಯ ನಡುಬಿಂದು ನೆಲದಿಂದ 130 ಸೆಂ.ಮೀ. ಎತ್ತರದಲ್ಲಿರುತ್ತದೆ, ಹಿತ್ತಲಿನಲ್ಲಿ ಅದನ್ನು ಮಗಳ ಭುಜಕ್ಕಿಂತ ತಗ್ಗಿಸಿದರೆ ತಪ್ಪಿದ ಬಾಣ ನೆಲದತ್ತ ಇಳಿಯುತ್ತದೆ.

ಗುರಿಚಿತ್ರವನ್ನು ಕೊಳ್ಳುವ ಅಗತ್ಯವೂ ಇಲ್ಲ. 18 ಮೀಟರ್ ದೂರಕ್ಕೆ 40 ಸೆಂ.ಮೀ. ವ್ಯಾಸದ, ಹತ್ತು ವೃತ್ತಗಳ ಚಿತ್ರವನ್ನು ಬಳಸುತ್ತಾರೆ. ಅದರ ಅರ್ಧ ದೂರವಾದ 9 ಮೀಟರಿಗೆ 20 ಸೆಂ.ಮೀ. ವ್ಯಾಸದ ಚಿತ್ರ ಬಿಡಿಸಿದರೆ ಕಣ್ಣಿಗೆ ಅದೇ ಅಳತೆ ಕಾಣುತ್ತದೆ. ಮೊಳೆ, ದಾರ, ಪೆನ್ಸಿಲಿನಿಂದ ಒಂದೊಂದು ಸೆಂಟಿಮೀಟರಿಗೆ ಒಂದು ವೃತ್ತ ಎಳೆದು, ಒಳಗಿನಿಂದ ಹೊರಕ್ಕೆ ಎರಡೆರಡು ವೃತ್ತಗಳಿಗೆ ಹಳದಿ, ಕೆಂಪು, ನೀಲಿ, ಕಪ್ಪು, ಬಿಳಿ ಬಣ್ಣ ಹಚ್ಚಲಿ.

ಮನೆಯ ಅಭ್ಯಾಸವನ್ನು ಹಗುರವಾಗಿ ಕಾಣಬೇಡಿ. 2020ರ ಲಾಕ್‌ಡೌನ್ ಕಾಲದಲ್ಲಿ ಹರಿಯಾಣದ ಪ್ಯಾರಾ ಬಿಲ್ಲುಗಾರ ಹರ್ವಿಂದರ್ ಸಿಂಗ್ ಅವರಿಗಾಗಿ ಅವರ ತಂದೆ ಹೊಲವನ್ನೇ ಅಭ್ಯಾಸದ ಅಂಗಳವಾಗಿಸಿದ್ದರು. ಮುಂದೆ ಹರ್ವಿಂದರ್ ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಕಂಚು, 2024ರ ಪ್ಯಾರಿಸ್ ಕೂಟದಲ್ಲಿ ಚಿನ್ನ ಗೆದ್ದರು.

ಪ್ರಶ್ನೆ: ನನ್ನದು ಕಾಂಪೌಂಡ್ ಬಿಲ್ಲು (ತುದಿಗಳಲ್ಲಿ ರಾಟೆಗಳಿರುವ, ಹೆಚ್ಚು ಬಲದ ಬಿಲ್ಲು). ಗೋಣಿಚೀಲದ ಗುರಿಯನ್ನು ಬಾಣ ಸೀಳಿಕೊಂಡು ಹೋಗುತ್ತದೆ. ರಟ್ಟಿನಿಂದ ಗಟ್ಟಿ ಗುರಿ ಮಾಡುವುದು ಹೇಗೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ರಟ್ಟಿನ ಪೆಟ್ಟಿಗೆಗಳನ್ನು ಗುಜರಿ ಅಂಗಡಿಯಿಂದ ತಂದು 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲದ ಪಟ್ಟಿಗಳಾಗಿ ಕತ್ತರಿಸಿ, ಒಂದರ ಮೇಲೊಂದು ಪೇರಿಸಿ. ಬಾಣ ರಟ್ಟಿನ ಮುಖಕ್ಕೆ ತಾಗಬಾರದು, ಅಂಚಿಗೆ ತಾಗಬೇಕು. ಆಗ ಅದು ಎರಡು ಪದರಗಳ ನಡುವೆ ನುಸುಳಿ, ಅವುಗಳ ಒತ್ತಡಕ್ಕೆ ಸಿಕ್ಕಿ ನಿಲ್ಲುತ್ತದೆ. ಮೂರು ಮಿಲಿಮೀಟರ್ ದಪ್ಪದ ರಟ್ಟಾದರೆ 60 ಸೆಂ.ಮೀ. ಎತ್ತರಕ್ಕೆ 200 ಪಟ್ಟಿ ಬೇಕು, ಬಿಗಿದಾಗ ಕುಸಿಯುವುದರಿಂದ ಇನ್ನಷ್ಟು ಕೂಡಿಟ್ಟುಕೊಳ್ಳಿ. ಮೇಲೆ ಕೆಳಗೆ ದಪ್ಪ ಹಲಗೆ ಇಟ್ಟು, ಎರಡೂ ಪಕ್ಕದಲ್ಲಿ ರಟ್ಟಿನಿಂದ ಹೊರಗೆ ಉದ್ದನೆಯ, ಮೈಯುದ್ದಕ್ಕೂ ತಿರುಪು ಗೆರೆಗಳಿರುವ ಕಬ್ಬಿಣದ ಥ್ರೆಡ್ ರಾಡ್‌ಗಳನ್ನು ಹಲಗೆಗಳ ಮೂಲಕ ಹಾಯಿಸಿ, ಅಗಲ ವಾಷರ್ ಹಾಕಿ ನಟ್ಟುಗಳನ್ನು ಬಿಗಿಯಿರಿ. ಕಬ್ಬಿಣಕ್ಕೆ ತಾಗಿದ ಬಾಣ ಉಳಿಯುವುದಿಲ್ಲವಾದ್ದರಿಂದ ರಾಡ್‌ಗಳ ಮುಂದೆ ಹಳೆಯ ಟೈರಿನ ತುಂಡುಗಳನ್ನು ಕಟ್ಟಿ. ಬಾಣ ದಿನದಿಂದ ದಿನಕ್ಕೆ ಹೆಚ್ಚು ಆಳಕ್ಕೆ ಹೋಗತೊಡಗಿದರೆ ನಟ್ಟುಗಳನ್ನು ಮತ್ತೆ ಬಿಗಿಯಬೇಕು. ನಡುವಿನ ಪಟ್ಟಿಗಳು ಸವೆದಾಗ ಅವುಗಳನ್ನು ಮೇಲಿನ ಅಥವಾ ಕೆಳಗಿನ ಪಟ್ಟಿಗಳೊಂದಿಗೆ ಅದಲುಬದಲು ಮಾಡಿದರೆ ಗುರಿಯ ಆಯುಷ್ಯ ಬೆಳೆಯುತ್ತದೆ. ಮಲೆನಾಡಿನ ಮಳೆಗೆ ರಟ್ಟು ಒಂದೇ ರಾತ್ರಿಯಲ್ಲಿ ಮೆತ್ತಗಾಗುವುದರಿಂದ ಅಭ್ಯಾಸ ಮುಗಿದೊಡನೆ ಸೂರಿನಡಿಗೆ ಸೇರಿಸಿ.

ಬಾಣ ಕೀಳುವಾಗ ಒಂದು ಅಂಗೈಯನ್ನು ಗುರಿಗೆ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಕಡ್ಡಿಯನ್ನು ಗುರಿಗೆ ಸಮೀಪದಲ್ಲೇ ಹಿಡಿದು ನೇರವಾಗಿ ಎಳೆಯಿರಿ. ಆಗ ನಿಮ್ಮ ಹಿಂದೆ ಯಾರೂ ನಿಂತಿರಬಾರದು. ಕಾರ್ಬನ್ ಬಾಣವನ್ನು ಪ್ರತಿ ಸಲ ಮೆಲ್ಲನೆ ಬಾಗಿಸಿ, ಚಿಟಿಲ್ ಎಂಬ ಸದ್ದು ಬಂದರೆ ಮತ್ತೆ ಬಿಲ್ಲಿಗೇರಿಸಬೇಡಿ.

ಪ್ರಶ್ನೆ: ಬೆಂಗಳೂರಿನ ನಮ್ಮ ಮನೆಗೆ ಹಿತ್ತಲಿಲ್ಲ. ತಾರಸಿಯ ಮೇಲೆ ಅಭ್ಯಾಸ ಮಾಡಬಹುದೆ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಖಂಡಿತ ಬೇಡ. ತಾರಸಿಯಿಂದ ತಪ್ಪಿ ಹೋದ ಬಾಣ ರಸ್ತೆಗೆ ಬೀಳುತ್ತದೆ. ಬದಲಿಗೆ ಕಾರು ನಿಲ್ಲಿಸುವ ಜಾಗವನ್ನೋ ಉದ್ದನೆಯ ಕೋಣೆಯನ್ನೋ ಬಾಗಿಲು ಹಾಕಿ ಬಳಸಿ, ಮೂರು ಮೀಟರ್ ದೂರದಲ್ಲಿ ದೊಡ್ಡ ಗುರಿಯಿಟ್ಟು, ಅದಕ್ಕೆ ಚಿತ್ರ ಅಂಟಿಸದೆ ಬಾಣ ಬಿಡಿ. ಅಂಕದ ಚಿಂತೆ ಇಲ್ಲದಿರುವಾಗ ಗಮನವೆಲ್ಲ ಬೆನ್ನಿನ ಎಳೆತ, ಬೆರಳಿನ ಬಿಡುಗಡೆಗಳ ಮೇಲೆ ನಿಲ್ಲುತ್ತದೆ. ಅನುಭವಿ ಬಿಲ್ಲುಗಾರರೂ ಈ ಅಭ್ಯಾಸವನ್ನು ಬಿಡುವುದಿಲ್ಲ.