ಕ್ರಿಯಾಪದ ಮೊದಲೇ ಬಂದರೆ ತಪ್ಪೇ?

ಪ್ರಶ್ನೆ: ಕಳೆದ ಸಂಚಿಕೆಯ ಪರ್ಷಿಯನ್ ಕವಿತೆ ‘ಜಿನುಗುತ್ತಿದೆ ಬೆಳದಿಂಗಳು’ ಎಂದು ಶುರುವಾಗುತ್ತದೆ. ಪರ್ಷಿಯನ್ ಭಾಷೆಯಲ್ಲೂ ನಮ್ಮಂತೆ ಕ್ರಿಯಾಪದ ಕೊನೆಗೇ ಬರುತ್ತದೆ. ಛಂದಸ್ಸಿಗಾಗಿ ಕವಿ ತಿರುಗಿಸಿದ್ದನ್ನು ಅನುವಾದದಲ್ಲಿ ನೆಟ್ಟಗೆ ಮಾಡಬಾರದಿತ್ತೇ?
– ನಿವೃತ್ತ ಶಿಕ್ಷಕರೊಬ್ಬರು, ಶಿರಸಿ

ಉತ್ತರ: ಮೇಷ್ಟ್ರೇ, ಇಷ್ಟು ಗಮನವಿಟ್ಟು ಓದಿದ್ದೀರಿ, ಖುಷಿಯಾಯಿತು. ಆದರೆ ನಿಮ್ಮ ಸಲಹೆಯನ್ನು ಒಪ್ಪಲಾರೆ.

ಛಂದಸ್ಸು ಪದಗಳನ್ನು ಎಳೆದಾಡುವುದು ನಿಜ. ಹಳೆಯ ಗಜಲ್‌ಗಳಲ್ಲಿ ಅದು ಉಂಟು. ಆದರೆ ಇದು ಇರಾನಿನ ಆಧುನಿಕ ಕವಿ ನೀಮಾ ಯೂಶಿಜ್ ಅವರ ಸಾಲು. ಸಾಲುಗಳೆಲ್ಲ ಒಂದೇ ಅಳತೆಯಲ್ಲಿರಬೇಕೆಂಬ ಕಟ್ಟನ್ನೇ ಬಿಚ್ಚಿದವರು ಅವರು. ಅಂಥವರು ಕ್ರಿಯಾಪದವನ್ನು ಸುಮ್ನೆ ಮುಂದೆ ತಂದರೇ? ‘ಮೀ ತರಾವದ್ ಮಹತಾಬ್’. ಮೊದಲು ಜಿನುಗುವುದಷ್ಟೇ ತಿಳಿಯುತ್ತದೆ. ಏನು ಜಿನುಗುತ್ತಿದೆ? ಅರೆಕ್ಷಣ ಕತ್ತಲು. ಆಮೇಲೆ ಬೆಳದಿಂಗಳು. ಅದೇ ಚರಣದ ಕೊನೆಗೆ ಒದ್ದೆಗಣ್ಣಿನಲ್ಲಿ ನಿದ್ದೆ ಮುರಿಯುತ್ತದೆ. ಅಲ್ಲಿ ‘ಮುರಿಯುತ್ತದೆ’ ಎಂಬ ಪದ ಕಟ್ಟಕಡೆಗೇ ಇದೆ. ಎರಡೂ ಬೇಕೆಂದೇ ಇಟ್ಟದ್ದು.

1953ರಲ್ಲಿ ಇರಾನಿನ ಪ್ರಧಾನಿ ಮೊಸದ್ದೆಘ್ ಅವರ ಸರ್ಕಾರವನ್ನು ಉರುಳಿಸಿದ ಮೇಲೆ ಅಲ್ಲಿನ ಕವಿ ಅಖವಾನ್ ಸಾಲೆಸ್ ಚಳಿಗಾಲದ ಬಗ್ಗೆ ಒಂದು ಕವಿತೆ ಬರೆದರು. ಅದರ ಮೊದಲ ಸಾಲು ‘ನಿನ್ನ ಸಲಾಮಿಗೆ ಒಲ್ಲರು ಉತ್ತರ ಕೊಡಲು’. ಸಲಾಮು ಮೊದಲು ಬಂದು ಒಂಟಿಯಾಗಿ ನಿಲ್ಲುತ್ತದೆ. ಉತ್ತರಕ್ಕಿಂತ ಮುಂಚೆಯೇ ‘ಒಲ್ಲರು’ ಬಂದುಬಿಡುತ್ತದೆ. ಒಲ್ಲದವರು ಯಾರು ಅಂತ ಹೆಸರೇ ಇಲ್ಲ. ಹೆದರಿದ ಊರು ಹೀಗೇ ಅಲ್ವಾ ಇರುವುದು?

ಇರಾನಿನ ಕವಯಿತ್ರಿ ಫರೂಗ್ ಫರ‍್ರೊಖ್‌ಜಾದ್ ಅವರ ಒಂದು ಪ್ರಸಿದ್ಧ ಸಾಲನ್ನು ನಾನೇ ಒಮ್ಮೆ ‘ಶೀತಋತುವಿನ ಆರಂಭವನ್ನು ನಂಬೋಣ’ ಎಂದು ಮಾಡಿದ್ದೆ. ಮೈಸೂರಿನಲ್ಲಿ ಓದುತ್ತಿದ್ದ ಇರಾನಿನ ಹುಡುಗನೊಬ್ಬನಿಗೆ ಅದರ ಅರ್ಥ ವಿವರಿಸಿದೆ. ಅವನು ಕೇಳಿದ, ‘ಕೊನೆಯಲ್ಲಿದ್ದ ಚಳಿ ಎಲ್ಲಿ ಹೋಯಿತು?’ ಮೂಲದಲ್ಲಿ ‘ನಂಬೋಣ’ ಮೊದಲು, ‘ಸರ್ದ್’, ಅಂದರೆ ತಣ್ಣಗಿನದು, ಕೊನೆಗೆ. ನನ್ನ ಸಾಲು ಭರವಸೆಯಲ್ಲಿ ಮುಗಿದಿತ್ತು. ಅವರದು ಚಳಿಯಲ್ಲಿ ಮುಗಿಯುತ್ತದೆ.

ನನ್ನ ಸಿಟ್ಟು ನಿಮ್ಮ ಮೇಲಲ್ಲ. ಪದ್ಯ ಕಂಡ ಕೂಡಲೇ ಅನ್ವಯ ಮಾಡಿ ಅಂತ ಶಾಲೆಯಲ್ಲಿ ನನಗೂ ಕಲಿಸಿದರು. ಕರ್ತೃ, ಕರ್ಮ, ಕ್ರಿಯಾಪದ ಅಂತ ಜೋಡಿಸಿಟ್ಟರೆ ಪೂರ್ತಿ ಅಂಕ. ಆ ಕ್ರಮವನ್ನು ಕವಿ ಯಾಕೆ ಬಿಟ್ಟ ಎಂದು ಯಾರೂ ಕೇಳಲಿಲ್ಲ. ಈಗಲೂ ಇರಾನಿನ ಕವಿತೆ ನಮಗೆ ಜಾಸ್ತಿ ಇಂಗ್ಲಿಷಿನ ದಾರಿಯಲ್ಲೇ ಬರುತ್ತದೆ. ಇಂಗ್ಲಿಷಿನಲ್ಲಿ ಪದ ಜಾಗ ಬಿಟ್ಟರೆ ಅರ್ಥವೇ ಕೆಡುತ್ತದೆ. ನಮಗೆ ‘ಅನ್ನು’ ಇದೆ, ಪರ್ಷಿಯನ್ನಿಗೆ ‘ರಾ’ ಇದೆ. ಕರ್ಮವನ್ನು ಎಲ್ಲಿಟ್ಟರೂ ಗುರುತು ಸಿಗುತ್ತದೆ. ಇಂಥ ಅನುಕೂಲವಿದ್ದೂ ಆ ಸಾಲುಗಳನ್ನು ನೆಟ್ಟಗೆ ಮಾಡಿ ಅಚ್ಚುಹಾಕುತ್ತೇವಲ್ಲ, ಅದು ನನಗೆ ಸಂಕಟ.

ಫರೂಗ್ ಅವರ ಆ ಕವಿತೆಯನ್ನು ಮತ್ತೆ ಕನ್ನಡಕ್ಕೆ ತರುತ್ತಿದ್ದೇನೆ. ನಮ್ಮಲ್ಲಿ ವಿಶೇಷಣ ನಾಮಪದ ಆದ ಮೇಲೆ ಬರಲು ಒಪ್ಪುವುದಿಲ್ಲ, ಅದೇ ಕಷ್ಟ. ‘ನಂಬೋಣ, ಶುರುವಾದ ಈ ಋತುವನ್ನು, ಇದರ ಚಳಿಯನ್ನು’ ಎಂಬಲ್ಲಿಗೆ ಬಂದು ನಿಂತಿದ್ದೇನೆ. ನಿಮಗೆ ಇದಕ್ಕಿಂತ ಒಳ್ಳೆಯದು ಹೊಳೆದರೆ ಬರೆದು ಕಳಿಸಿ, ಮೇಷ್ಟ್ರೇ.