ಇಡ್, ಈಗೋ, ಸೂಪರ್ ಈಗೋ ಅಂದ್ರೆ ಸುಪ್ತ, ಅರೆಸುಪ್ತ, ಜಾಗೃತ ಮನಸ್ಸೇ ಅಲ್ವಾ? ಈಗೋ ಕಡಿಮೆ ಮಾಡ್ಕೊಳ್ಳೋದು ಹೇಗೆ?

ಅಲ್ಲ. ಎಂ.ಎ. ಮೊದಲ ವರ್ಷ ನಾನೂ ಇದನ್ನೇ ಬರೆದು 15ಕ್ಕೆ 4 ಅಂಕ ತಗೊಂಡೆ. ಆ ಕಡೆ ಮೂರು ಹೆಸರು, ಈ ಕಡೆ ಮೂರು ಹೆಸರು. 'ಹೊಂದಿಸಿ ಬರೆಯಿರಿ' ಪ್ರಶ್ನೆಗೆ ಎಳೆದ ಹಾಗೆ ಗೆರೆ ಎಳೆದುಬಿಟ್ಟೆ. ಇದೊಂದು ತಪ್ಪಿದರೆ ಇಡೀ ಸಿದ್ಧಾಂತವೇ ಕೈಬಿಟ್ಟು ಹೋಗುತ್ತದೆ, ಅದಕ್ಕೇ ಬಿಡಿಸಿ ಹೇಳುತ್ತೇನೆ.

ಸುಪ್ತ (ಅರಿವಿಗೆ ಬಾರದ್ದು), ಅರೆಸುಪ್ತ (ನೆನೆದರೆ ಅರಿವಿಗೆ ಬರುವಂಥದ್ದು), ಜಾಗೃತ (ಈಗ ಅರಿವಿನಲ್ಲಿರುವುದು) ಎಂಬ ವಿಂಗಡಣೆಯನ್ನು ಮನೋವಿಶ್ಲೇಷಣೆಯನ್ನು ಹುಟ್ಟುಹಾಕಿದ ಸಿಗ್ಮಂಡ್ ಫ್ರಾಯ್ಡ್ 1900ರಲ್ಲಿ, ಕನಸುಗಳ ಕುರಿತ ಪುಸ್ತಕದಲ್ಲೇ ಕೊಟ್ಟಿದ್ದರು. ಅದೇ ಸಾಕಾಗಿದ್ದರೆ 1923ರಲ್ಲಿ ಇನ್ನೂ ಮೂರು ಹೆಸರು ಯಾಕೆ ಬೇಕಿತ್ತು: ಇಡ್ (ಒಳಗಿನ ಆಸೆ, ಒತ್ತಡ), ಈಗೋ (ಅದನ್ನು ನಿಭಾಯಿಸುವ ನಾನು), ಸೂಪರ್ ಈಗೋ (ಒಳಗಿನ ಆತ್ಮಸಾಕ್ಷಿ)? ಚಿಕಿತ್ಸೆಯಲ್ಲಿ ಕಂಡದ್ದಕ್ಕೆ ಹಳೆಯ ನಕ್ಷೆ ಸಾಲಲಿಲ್ಲ. ರೋಗಿ ಮಂಚದ ಮೇಲೆ ಮಲಗಿ, ಮನಸ್ಸಿಗೆ ಬಂದದ್ದನ್ನೆಲ್ಲ ಹೇಳುತ್ತಾ ಹೋಗಬೇಕು. ನೋಯುವ ವಿಷಯ ಹತ್ತಿರವಾದ ಕೂಡಲೇ ಮಾತು ನಿಲ್ಲುತ್ತದೆ. 'ಏನೂ ಹೊಳೀತಿಲ್ಲ' ಅನ್ನುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ. ತಡೆಯುತ್ತಿರುವುದು ತಾನೇ ಎಂದು ಅವನಿಗೇ ಗೊತ್ತಿಲ್ಲ. ತಡೆಯುವುದು ಈಗೋದ ಕೆಲಸ. ಅಂದ ಮೇಲೆ ಈಗೋದ ಒಂದು ಭಾಗವೂ ಸುಪ್ತವೇ. ಇನ್ನು ಕೆಲವರು ಗುಣಮುಖರಾಗುತ್ತಿದ್ದಾರೆ ಎನ್ನುವಾಗಲೇ ಹದಗೆಡುತ್ತಿದ್ದರು. ಒಳಗೊಂದು ಅಪರಾಧಭಾವ ಶಿಕ್ಷೆ ಕೇಳುತ್ತಿರುತ್ತದೆ, ಅವರಿಗೆ ಮಾತ್ರ ಅದು ಕಾಯಿಲೆ ಎಂದಷ್ಟೇ ಅನಿಸುತ್ತದೆ. ಹಾಗಾಗಿ ಸೂಪರ್ ಈಗೋದಲ್ಲೂ ಸುಪ್ತ ಭಾಗವಿದೆ. ಪೂರ್ತಿ ಸುಪ್ತವಾಗಿರುವುದು ಇಡ್ ಒಂದೇ. ಹಳೆಯ ಮೂರು ಅರಿವಿನ ಮಟ್ಟಗಳು, ಹೊಸ ಮೂರು ಬೇರೆ ಬೇರೆ ಕೆಲಸ ಮಾಡುವ ಅಂಗಗಳು. ಒಂದನ್ನೊಂದು ಅಡ್ಡಕ್ಕೆ ಕತ್ತರಿಸುತ್ತವೆ.

'ಈಗೋ ಕಡಿಮೆ ಮಾಡಿಕೊಳ್ಳುವುದು' ಎಂಬ ಮಾತನ್ನಂತೂ ಇಲ್ಲಿ ಬಿಟ್ಟುಬಿಡಿ. ನೀವು ಕೇಳುತ್ತಿರುವುದು ಅಹಂಕಾರದ ಬಗ್ಗೆ. ಇಡ್, ಈಗೋ ಎಂಬ ಲ್ಯಾಟಿನ್ ಪದಗಳನ್ನು ತಂದದ್ದು ಇಂಗ್ಲಿಷ್ ಅನುವಾದಕರು. ಫ್ರಾಯ್ಡ್ ಜರ್ಮನ್‌ನಲ್ಲಿ ಬರೆದದ್ದು 'ದಸ್ ಎಸ್', 'ದಸ್ ಇಷ್', 'ದಸ್ ಊಬರ್ ಇಷ್': ಅದು, ನಾನು, ಮೇಲಿನ ನಾನು. ಕನ್ನಡಕ್ಕೆ ಇದು ಚೆನ್ನಾಗಿ ಒಗ್ಗುತ್ತದೆ. ನಾವು 'ನನಗೆ ಸಿಟ್ಟು ಬಂತು' ಅನ್ನುತ್ತೇವೆ. ಸಿಟ್ಟು ಎಲ್ಲಿಂದಲೋ ಬರುವಂಥದ್ದು, ನಾನು ಅದನ್ನು ಎದುರಿಸುವವನು. ಈ ನಾನು ಮಾಡುವ ಕೆಲಸ ಹೊರಗಿನ ವಾಸ್ತವವನ್ನು ಅಳೆಯುವುದು, ಆಸೆಯನ್ನು ತಕ್ಕ ಹೊತ್ತಿನವರೆಗೆ ಮುಂದೂಡುವುದು, ಇಡ್, ಸೂಪರ್ ಈಗೋ, ಹೊರಜಗತ್ತು ಮೂವರಿಗೂ ಒಟ್ಟಿಗೆ ಉತ್ತರ ಕೊಡುವುದು. ಅದನ್ನು ಕಡಿಮೆ ಮಾಡಿದರೆ ಉಳಿಯುವುದು ವಿನಯವಲ್ಲ, ಲಗಾಮು ಹಿಡಿಯುವವರಿಲ್ಲದ ಕುದುರೆ. (ಕುದುರೆ, ಸವಾರನ ಹೋಲಿಕೆ ಫ್ರಾಯ್ಡ್ ಅವರದೇ.) ಮನೋವಿಶ್ಲೇಷಣೆಯ ಗುರಿ ಇದಕ್ಕೆ ತೀರಾ ಉಲ್ಟಾ: 'ಅದು' ಇದ್ದಲ್ಲಿ 'ನಾನು' ಬರಬೇಕು.

ಇಡ್, ಈಗೋ ಹೇಗೆ ಕೂಡಿ ನಡೆಯುತ್ತವೆ, ಸೂಪರ್ ಈಗೋ ಯಾವಾಗ ಬರುತ್ತದೆ ಎಂಬುದಕ್ಕೆ ಒಂದು ಉದಾಹರಣೆ. ತಮ್ಮ ಹುಟ್ಟಿದ್ದಾನೆ, ನಾಲ್ಕೈದು ವರ್ಷದ ಅಕ್ಕನಿಗೆ ಅವನನ್ನು ದೂಡಿಬಿಡುವಾಸೆ. ಆಸೆ ಇಡ್‌ನದು. ಅಪ್ಪ ಅಮ್ಮನ ಪ್ರೀತಿ ಹೋದೀತೆಂಬ ಭಯದ ಸೂಚನೆ ಈಗೋದಲ್ಲಿ ಏಳುತ್ತದೆ. ಈಗೋ ಆಸೆಯನ್ನು ದಮನ ಮಾಡುತ್ತದೆ, ಅಂದರೆ ಅರಿವಿನಿಂದ ಆಚೆ ತಳ್ಳುತ್ತದೆ. ಅಷ್ಟು ಸಾಲದೆ ತದ್ವಿರುದ್ಧ ಭಾವ ಮೇಲೆ ಬರುತ್ತದೆ: ಮಗುವನ್ನು ಬಿಟ್ಟಿರಲಾರದ ಅತಿಮುದ್ದು. ಇದರಲ್ಲಿ ಒಂದು ಹೆಜ್ಜೆಯೂ ಹುಡುಗಿಗೆ ಗೊತ್ತಾಗುವುದಿಲ್ಲ. ಪರೀಕ್ಷೆಯಲ್ಲಿ ಇಲ್ಲಿ 'ಸೂಪರ್ ಈಗೋ ಹೆದರಿಸಿತು' ಎಂದು ಬರೆಯಬೇಡಿ. ಈ ವಯಸ್ಸಿನಲ್ಲಿ ಭಯ ಇನ್ನೂ ಹೊರಗಿನವರದು. ಈಡಿಪಸ್ ಹಂತ (ಮಗುವಿಗೆ ಅಪ್ಪ ಅಮ್ಮನಲ್ಲಿ ಒಬ್ಬರ ಮೇಲೆ ಆಸೆ, ಇನ್ನೊಬ್ಬರ ಮೇಲೆ ಪೈಪೋಟಿ ಇರುವ ಹಂತ) ಮುಗಿಯುವಾಗ ಅದು ಒಳಗೆ ಬಂದು ಕೂತ ಮೇಲೆಯೇ ಸೂಪರ್ ಈಗೋ. ಮತ್ತೆ, ಮಗು ಒಳಗಿಳಿಸಿಕೊಳ್ಳುವುದು ಅಪ್ಪ ಅಮ್ಮನನ್ನಲ್ಲ, ಅವರ ಸೂಪರ್ ಈಗೋವನ್ನು. ಮೆತ್ತಗಿನ ತಂದೆತಾಯಿಯ ಮಕ್ಕಳಲ್ಲೂ ಕಠೋರ ಆತ್ಮಸಾಕ್ಷಿ ಕಾಣಬಹುದು.

ಚಿತ್ರ ಬರೆಯುವುದಾದರೆ ಗೈಡುಗಳಲ್ಲಿರುವ, ಮನಸ್ಸನ್ನು ನೀರಲ್ಲಿ ಅರ್ಧ ಮುಳುಗಿದ ಹಿಮಗಡ್ಡೆಯಂತೆ ತೋರಿಸುವ ಚಿತ್ರ ಬೇಡ. 1933ರ ಉಪನ್ಯಾಸದಲ್ಲಿ ಫ್ರಾಯ್ಡ್ ಬರೆದ ಚಿತ್ರವನ್ನು ನೋಡಿ: ಸೂಪರ್ ಈಗೋ ಒಂದು ಬದಿಯಿಂದ ಕೆಳಗಿಳಿದು ಇಡ್‌ಗೆ ತಾಗುತ್ತದೆ, ಈಗೋ ಮತ್ತು ಇಡ್ ನಡುವೆ ಗಟ್ಟಿ ಗೋಡೆಯಿಲ್ಲ. ಇಡ್‌ನ ಜಾಗವನ್ನು ಮಾತ್ರ ಅವರು ಬರೆದದ್ದಕ್ಕಿಂತ ದೊಡ್ಡದಾಗಿ ಬಿಡಿ. ಅದು ಹಾಗೇ ಇರಬೇಕಿತ್ತೆಂದು ಅಲ್ಲೇ ಹೇಳಿದ್ದಾರೆ.