ಕಾಣದ ಕಾಡಿಗೆ ಟರ್ಕಿ ಬೇಟೆ: ಡಲ್ಲಾಸ್‌ನಿಂದ ಮಿಸೌರಿಗೆ

ನಿಮ್ಮ ಪ್ರಶ್ನೆ: ಡಲ್ಲಾಸ್‌ನಲ್ಲಿದ್ದೀರಿ, ಎಚ್-1ಬಿ ವೀಸಾ, ಟೆಕ್ಸಾಸ್‌ನಲ್ಲಿ ಹಂಟರ್ ಎಜುಕೇಷನ್ (ಬೇಟೆಯ ಸುರಕ್ಷತೆ ಕಲಿಸುವ ಕೋರ್ಸ್) ಮುಗಿದಿದೆ. ನಾಲ್ಕು ದಿನ ರಜೆ ಹಾಕಿ ಮಿಸೌರಿಯ ಮಾರ್ಕ್ ಟ್ವೇನ್ ನ್ಯಾಷನಲ್ ಫಾರೆಸ್ಟ್‌ಗೆ ಟರ್ಕಿ ಕೋಳಿ ಬೇಟೆಗೆ ಹೋಗಬೇಕು, ಆದರೆ ಆ ಕಾಡನ್ನು ಒಮ್ಮೆಯೂ ನೋಡಿಲ್ಲ.

ಮೊದಲು ಕಾಗದಪತ್ರ. ನಿಮ್ಮ ಥರದ ವೀಸಾದವರು ಕೋವಿ, ತೋಟಾ ಇಟ್ಟುಕೊಳ್ಳುವುದು ಫೆಡರಲ್ ಕಾನೂನಿನಲ್ಲಿ ಅಪರಾಧ. ಯಾವುದಾದರೂ ರಾಜ್ಯದ ಅವಧಿ ಮುಗಿಯದ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ಟೆಕ್ಸಾಸ್ ಲೈಸೆನ್ಸ್ ಆಗಸ್ಟ್ 31ಕ್ಕೆ ಮುಗಿಯುತ್ತದೆ. ನವೀಕರಿಸಲು ಮರೆತರೆ ಕೋವಿ ಕಪಾಟಿನಲ್ಲಿ ಸುಮ್ಮನೆ ಇದ್ದರೂ ತಪ್ಪೇ. ಮಿಸೌರಿಯಲ್ಲಿ ಹೊರರಾಜ್ಯದವರ ಟರ್ಕಿ ಪರ್ಮಿಟ್‌ಗೆ ಲಾಟರಿ ಇಲ್ಲ, ಆನ್‌ಲೈನ್‌ನಲ್ಲೇ ಸಿಗುತ್ತದೆ. ನಿಮ್ಮ ಟೆಕ್ಸಾಸ್ ಹಂಟರ್ ಎಜುಕೇಷನ್ ಸರ್ಟಿಫಿಕೇಟ್ ನಡೆಯುತ್ತದೆ. ದಾರಿಯಲ್ಲಿ ಕೋವಿ ಖಾಲಿ ಇರಲಿ, ಬೀಗ ಹಾಕಿದ ಪೆಟ್ಟಿಗೆಯಲ್ಲಿ ಡಿಕ್ಕಿಯಲ್ಲಿರಲಿ.

ವಸಂತದ ಸೀಸನ್ ಏಪ್ರಿಲ್‌ನ ಮೂರನೇ ಸೋಮವಾರ ಶುರುವಾಗಿ ಮೂರು ವಾರ ನಡೆಯುತ್ತದೆ. ಸರ್ಕಾರಿ ಕಾಡಿನಲ್ಲಿ ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚಿನಿಂದ ಮಧ್ಯಾಹ್ನ 1ರವರೆಗೆ ಮಾತ್ರ ಬೇಟೆ. ಹೊರಡುವ ಮುನ್ನ ಆ ವರ್ಷದ ನಿಯಮಪುಸ್ತಿಕೆ ಒಮ್ಮೆ ನೋಡಿಕೊಳ್ಳಿ. ಎಲ್ಲರೂ ಮೊದಲ ವಾರಕ್ಕೆ ಮುಗಿಬೀಳುತ್ತಾರೆ. ನಿಮಗೆ ನಾನು ಹೇಳುವುದು ಎರಡನೇ ವಾರದ ಮಂಗಳವಾರದಿಂದ ಶುಕ್ರವಾರ. ಜನ ಕಡಿಮೆ. ಹೇಂಟೆಗಳು ಒಂದೊಂದಾಗಿ ಮೊಟ್ಟೆಯತ್ತ ಹೋಗಲು ಶುರುಮಾಡಿರುತ್ತವೆ, ಹತ್ತು ಗಂಟೆ ಹೊತ್ತಿಗೆ ಒಂಟಿಯಾದ ಹುಂಜ ನಿಮ್ಮ ಕರೆಗೆ ಓಗೊಡುವ ಸಂಭವ ಹೆಚ್ಚು.

ಇನ್ನು ಜಾಗ. ಈ ಕಾಡು ಸುಮಾರು 15 ಲಕ್ಷ ಎಕರೆ, ಆದರೆ ಒಂದೇ ತುಂಡಲ್ಲ; ನಡುನಡುವೆ ಖಾಸಗಿ ಜಮೀನು ಹೊಕ್ಕಿದೆ. ಮರದ ಮೇಲೆ ಲಂಬವಾಗಿ ಬಳಿದ ನೇರಳೆ ಪಟ್ಟೆ ಕಂಡರೆ ಅಲ್ಲಿಂದಾಚೆ ಕಾಲಿಡಬೇಡಿ, ಬೋರ್ಡ್ ಇಲ್ಲದಿದ್ದರೂ ಅದು ಪ್ರವೇಶ ನಿಷೇಧವೇ. ಗಡಿ ತೋರಿಸುವ ಆನ್‌ಎಕ್ಸ್‌ನಂಥ ಆಪ್‌ನಲ್ಲಿ ನಕ್ಷೆಯನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ, ಕಣಿವೆಯಲ್ಲಿ ಸಿಗ್ನಲ್ ನಂಬುವ ಹಾಗಿಲ್ಲ. ಗಾಡಿ ಓಡಿಸಬಹುದಾದ ದಾರಿಗಳ ನಕ್ಷೆಯನ್ನು ಅರಣ್ಯ ಇಲಾಖೆಯೇ ಪುಕ್ಕಟೆ ಕೊಡುತ್ತದೆ. ಗೇಟು ಹಾಕಿದ ಹಳೆ ಕೂಪಿನ ದಾರಿಯಿದ್ದು, ಈಚೆಗೆ ಇಲಾಖೆ ಬೆಂಕಿ ಹಾಕಿ ಸುಟ್ಟ ತಾಣವಿದ್ದು, ಪಕ್ಕದಲ್ಲೇ ಹಳ್ಳವಿರುವ ಗುಡ್ಡದ ಏಣುಗಳನ್ನು ಹುಡುಕಿ. ಒಂದಲ್ಲ, ಐದು ಗುರುತು ಮಾಡಿ, ಎಲ್ಲವೂ ಅರ್ಧ ಗಂಟೆ ಡ್ರೈವ್ ಒಳಗೆ ಇರಲಿ. ಹೊಸಬರು ಎಡವುವುದು ಇಲ್ಲೇ: ಒಂದೇ ಜಾಗ ನೆಚ್ಚಿಕೊಂಡು ಹೋಗುತ್ತಾರೆ, ಗೇಟಿನ ಬಳಿ ಇನ್ನೊಬ್ಬರ ಗಾಡಿ ನಿಂತಿರುತ್ತದೆ, ಬೆಳಗಿನ ಹೊತ್ತೆಲ್ಲ ಹಾಳು. ಗಾಡಿ ಕಂಡರೆ ತಕರಾರಿಲ್ಲದೆ ಮುಂದಿನ ಜಾಗಕ್ಕೆ ಹೋಗಿ.

ಬೇಟೆಗೆ ಒಂದು ದಿನ ಮುಂಚೆಯೇ, ಮಧ್ಯಾಹ್ನದೊಳಗೆ ತಲುಪಿ. ಕೋವಿ ಗಾಡಿಯಲ್ಲಿ ಬಿಟ್ಟು ನಡೆಯಿರಿ. ಒಣ ಎಲೆ ಕೆದರಿ ನೆಲ ಬರಿದಾಗಿರುವ ಕಡೆ ಬಗ್ಗಿ ನೋಡಿ: ಎಲೆ ಚೆಲ್ಲಿದ ದಿಕ್ಕಿಗೆ ವಿರುದ್ಧವಾಗಿ ಹಿಂಡು ಹೋಗಿದೆ, ಸುತ್ತ ಒಣಗಿದ್ದು, ಕೆದರಿದ ಮಣ್ಣು ಮಾತ್ರ ಇನ್ನೂ ತೇವವಾಗಿದ್ದರೆ ಹೋಗಿ ಬಹಳ ಹೊತ್ತಾಗಿಲ್ಲ. ಹುಂಜದ ಹಿಕ್ಕೆ ಉದ್ದಕ್ಕೆ ತುದಿ ಬಾಗಿರುತ್ತದೆ, ಹೇಂಟೆಯದು ಸುರುಳಿ ಉಂಡೆ. ಹೊತ್ತು ಮುಳುಗುವಾಗ ಎತ್ತರದಲ್ಲಿ ನಿಂತು ಗೂಬೆಯ ಕೂಗು ಕೂಗಿ. ಮರವೇರಿದ ಹುಂಜ ಬೆಚ್ಚಿ ತಾನೂ ಕೂಗಿಬಿಡುತ್ತದೆ. ಆ ಮರವನ್ನು ನಕ್ಷೆಯಲ್ಲಿ ಗುರುತಿಸಿ. ಈ ಒಂದು ಸಂಜೆ ಮೂರು ಬೆಳಗಿಗೆ ಸಮ.

ಮರುದಿನ ಸೂರ್ಯೋದಯಕ್ಕೆ ಒಂದು ಗಂಟೆ ಮುಂಚೆ ಆ ಮರದಿಂದ 100-150 ಗಜ ದೂರದಲ್ಲಿ, ಹುಂಜದ ಮಟ್ಟದಲ್ಲೋ ಸ್ವಲ್ಪ ಮೇಲೋ ಮರಸು ಕೂತುಬಿಡಿ. ನಡುವೆ ಹಳ್ಳವಾಗಲಿ ಬೇಲಿಯಾಗಲಿ ಇರಬಾರದು, ದಾಟಲು ಹಿಂಜರಿದು ಆಚೆಯೇ ನಿಂತುಬಿಡುತ್ತದೆ. ಬೆನ್ನಿಗೆ ನಿಮ್ಮ ಭುಜಕ್ಕಿಂತ ಅಗಲದ ಮರವಿರಲಿ. ಮೈಮೇಲೆ ಕೆಂಪು, ಬಿಳಿ, ನೀಲಿ ಏನೂ ಬೇಡ, ಅವು ಹುಂಜದ ತಲೆಯ ಬಣ್ಣಗಳು. ಕೂಗಿನ ಸದ್ದಿನ ಹಿಂದೆ ತೆವಳಿಕೊಂಡು ಹೋಗಲೇಬೇಡಿ. ಅದು ಇನ್ನೊಬ್ಬ ಬೇಟೆಗಾರನೂ ಆಗಿರಬಹುದು. ಯಾರಾದರೂ ನಿಮ್ಮತ್ತ ಬರುತ್ತಿದ್ದರೆ ಕೈ ಬೀಸದೆ ಗಟ್ಟಿಯಾಗಿ ಮಾತಾಡಿ.

ಕೋವಿಯನ್ನು ಮನೆ ಹತ್ತಿರದ ಶೂಟಿಂಗ್ ರೇಂಜ್‌ನಲ್ಲೇ ಪರೀಕ್ಷಿಸಿ. ಕೋವಿಯೊಳಗೆ ಒಟ್ಟು ಮೂರು ತೋಟಾ ಮೀರಬಾರದು, ಚರೆ (ತೋಟಾದೊಳಗಿನ ಸಣ್ಣ ಗುಂಡು) 4ನೇ ನಂಬರಿಗಿಂತ ದಪ್ಪವಿರಬಾರದು; ನಂಬರು ಕಡಿಮೆಯಾದಷ್ಟೂ ಚರೆ ದಪ್ಪ. 40 ಗಜದಲ್ಲಿ 10 ಇಂಚಿನ ವೃತ್ತದೊಳಗೆ ನೂರರಷ್ಟು ಚರೆ ಬೀಳದಿದ್ದರೆ ಚೋಕ್ (ನಳಿಗೆಯ ಬಾಯಿ ಕಿರಿದಾಗಿಸುವ ಭಾಗ) ಇಲ್ಲವೇ ತೋಟಾ ಬದಲಿಸಿ, ಅದಾಗದಿದ್ದರೆ 30 ಗಜಕ್ಕೆ ಬರುವವರೆಗೆ ಕಾಯಿರಿ.

ಉಣುಗಿನ ವಿಷಯ ಹಗುರವಾಗಿ ತಗೊಳ್ಳಬೇಡಿ. ಅಲ್ಲಿನ ಲೋನ್ ಸ್ಟಾರ್ ಉಣುಗು ಕಚ್ಚಿ ಕೆಲವರಿಗೆ ಮಟನ್ ತಿಂದರೂ ಅಲರ್ಜಿಯಾಗುವ ಸ್ಥಿತಿ ಬಂದುಬಿಡುತ್ತದೆ. ಬಟ್ಟೆ, ಬೂಟಿಗೆ 0.5% ಪರ್ಮೆಥ್ರಿನ್ ಎಂಬ ಕೀಟನಾಶಕ ಹೊಡೆದು ಪೂರ್ತಿ ಒಣಗಿಸಿಕೊಂಡೇ ಹೊರಡಿ. ಮನೆಯಲ್ಲಿ ಬೆಕ್ಕಿದ್ದರೆ ಒಣಗುವವರೆಗೆ ದೂರವಿಡಿ.

ಹಕ್ಕಿ ಸಿಕ್ಕರೆ ಅದೇ ದಿನ ರಾತ್ರಿ 10ರೊಳಗೆ, ಕತ್ತರಿಸುವ ಮುನ್ನ, ರಾಜ್ಯ ದಾಟುವ ಮುನ್ನ ಟೆಲಿಚೆಕ್‌ನಲ್ಲಿ (ಬೇಟೆ ವರದಿ ಮಾಡುವ ಮಿಸೌರಿಯ ವ್ಯವಸ್ಥೆ) ದಾಖಲಿಸಿ. ಅಲ್ಲಿಯವರೆಗೆ ತಲೆ, ಪುಕ್ಕ ಹಾಗೇ ಇರಲಿ. ಆಮೇಲೆ ಐಸ್ ಪೆಟ್ಟಿಗೆಗೆ. ಎದೆ ಮಾಂಸ ಬೇಗ ಬೇಯುತ್ತದೆ. ಕಾಲು ನಾಟಿ ಕೋಳಿಗಿಂತ ಗಟ್ಟಿ, ಕುಕ್ಕರ್‌ನಲ್ಲಿ ಚೆನ್ನಾಗಿ ಬೇಯಿಸಿ ಸಾರು ಮಾಡಿ.